ಸೆರೆ ಎಂದದ್ದಕ್ಕೆ ತಪ್ಪಿದ ಕೋಣೆ

ಮೈಸೂರು ಸೀಮೆಯಲ್ಲಿ ಸೆರೆ ಎಂದರೆ ಬಂಧನ. ಧಾರವಾಡದ ಕಡೆ ಸೆರೆ ಎಂದರೆ ಹೆಂಡ. ನಾಗಪುರಕ್ಕೆ ಬರುವವರೆಗೆ ಈ ಎರಡನೆಯ ಅರ್ಥ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೊರಿಯಾ ಯುದ್ಧ ನಿಂತ ವರ್ಷ ಅದು. ನಾನು ಒಂದು ಪತ್ರಿಕೆಯ ಸುದ್ದಿಮೇಜಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿನ ಯುದ್ಧಕೈದಿಗಳ ಸುದ್ದಿ ದಿನವೂ ಮೇಜಿಗೆ ಬರುತ್ತಿತ್ತು. ವಾಸ ಸೋದರಮಾವನ ಮನೆಯಲ್ಲಿ. ಮಾವ ಹಿಂದಿನ ಮಹಾಯುದ್ಧದಲ್ಲಿ ಸಿಪಾಯಿಯಾಗಿದ್ದು, ಶತ್ರುಗಳ ಕೈಗೆ ಸಿಕ್ಕು, ಯುದ್ಧ ಮುಗಿಯುವ ತನಕ ಅವರ ಶಿಬಿರದಲ್ಲಿದ್ದು ಬಂದವರು. ಅಲ್ಲಿ ಕೆಟ್ಟ ಮಂಡಿ ಮತ್ತೆ ಸರಿಯಾಗಲಿಲ್ಲ. ಈಗ ರೈಲ್ವೆಯಲ್ಲಿ ಗುಮಾಸ್ತರು. ಇತವಾರಿಯಲ್ಲಿ ಕಾಳಿನ ಅಂಗಡಿಯೊಂದರ ಮೇಲೆ ನಮ್ಮ ಮನೆ. ಅದರ ಕಡಿದಾದ ಮೆಟ್ಟಿಲುಗಳನ್ನು ಮಾವ ಕೂತು ಕೂತೇ ಇಳಿಯುತ್ತಿದ್ದರು. ಸೀತಾಬರ್ಡಿಯ ಹಿಂದಿನ ಗಲ್ಲಿಯಲ್ಲಿ ಕೆಳಗಿನ ಕೋಣೆ ಖಾಲಿಯಿದೆ, ಮನೆಯೊಡತಿ ಕನ್ನಡದವರು ಎಂದು ತಿಳಿದಾಗ ಅತ್ತೆ ಅವತ್ತೇ ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟರು.

ಮನೆಯೊಡತಿ ಹೊಸ್ತಿಲಿಗೆ ಅಡ್ಡಲಾಗಿ ನಿಂತೇ ಮಾತಾಡಿದರು. "ಮೈಸೂರವರಾ? ಮಾತು ನುಂಗಿ ನುಂಗಿ ಆಡ್ತೀರಿ. ಭಾಡಿ ಬರೋಬರ್ ಕೊಡ್ತೀರೋ, ಅದನ್ನೂ ನುಂಗ್ತೀರೋ?"

ಅತ್ತೆ ನಕ್ಕಂತೆ ಮಾಡಿದರು. "ಕೊಡ್ತೀವಮ್ಮಾ. ಇವರಿಗೆ ಮೆಟ್ಟಿಲು ಹತ್ತೋಕ್ಕಾಗಲ್ಲ. ಯುದ್ಧದಲ್ಲಿ ಮೂರು ವರ್ಷ ಸೆರೇಲಿದ್ರು, ಮಂಡಿ ಹೋಯ್ತು."

"ಸೆರ್ಯಾಗ? ಮೂರು ವರ್ಷ?" ಆಕೆ ಮಾವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಮಂಡಿ ಅಷ್ಟ ಹೋತೇನ್ರಿ? ಕರಳು ಹ್ಯಾಂಗ ಉಳೀತು? ಕುಡಿಯೋರಿಗೆ ನನ್ನ ಮನ್ಯಾಗ ಜಾಗಾ ಇಲ್ಲ."

ಅತ್ತೆಯ ಮುಖ ಕೆಂಪಾಯಿತು. ನಾನು ನಡುವೆ ಬಂದೆ. ನಾವು ಹೇಳುವ ಸೆರೆ ಎಂದರೆ ಕೈದು, ಹಳಗನ್ನಡದಲ್ಲಿ ಅದನ್ನು ಬೇರೆಯೇ ಒಂದು ರಕಾರ ಹಾಕಿ ಬರೆಯುತ್ತಿದ್ದರು, ತಮಿಳಿನಲ್ಲೂ ಅದೇ ಮಾತಿದೆ, ಕನ್ನಡದಲ್ಲಿ ಆ ಅಕ್ಷರ ಸತ್ತುಹೋದ ಮೇಲೆ ಎರಡು ಸೆರೆಗಳೂ ಒಂದೇ ಥರ ಕಾಣುತ್ತವೆ ಎಂದು ವಿವರಿಸಿದೆ.

"ಅಕ್ಷರಾ ಸತ್ತರ ನಾ ಏನ ಮಾಡ್ಲೆಪಾ," ಎಂದವರು ಮಾವನ ಕಡೆ ತಿರುಗಿದರು. "ಅಂದ್ರ ವೈರಿಗೋಳು ಹಿಡದಿದ್ರು ನಿಮ್ಮನ್ನ? ಹ್ಯಾಂಗ ಹಿಡದ್ರು?"

"ಬಂದೂಕು ಕೆಳಗಿಡಿ ಅಂತ ನಮ್ಮ ಸಾಹೇಬ್ರೇ ಹೇಳಿದ್ರು. ಇಟ್ವಿ."

"ನೀವೂ ಇಟ್ರಿ?"

"ಇಟ್ಟೆ."

"ನನ್ನ ತಮ್ಮ ಇಡಲಿಲ್ಲ," ಎಂದರು ಆಕೆ. "ಅವನ ಟ್ರಂಕಷ್ಟ ಮನಿಗೆ ಬಂತು. ಆ ಕೋಣ್ಯಾಗ ಐತಿ. ಅದನ್ನ ಸರಿಸಿ ನಿಮಗ ಹಾಸಿಗಿ ಹಾಸ್ಲೇನು?"

"ಹಾಗಾದ್ರೆ ಇವರೂ ಸಾಯಬೇಕಿತ್ತಾ?" ಅತ್ತೆಯ ದನಿ ಏರಿತು.

"ಅದನ್ನ ಅವರನ್ನ ಕೇಳ್ರಿ. ಕುಡಿಯೋರಾಗಿದ್ರ ದೇವರ ಆಣಿ ಹಾಕಿಸಿ ಬಿಡಸ್ತಿದ್ದೆ, ಕೋಣಿನೂ ಕೊಡ್ತಿದ್ದೆ. ಈ ಸೆರಿ ಹ್ಯಾಂಗ ಬಿಡಸ್ಲಿ?"

ಬಾಗಿಲು ಮುಚ್ಚಿತು. ಒಳಗಿನಿಂದ ಅಗಳಿ ಹಾಕಿದ ಸದ್ದೂ ಕೇಳಿಸಿತು.

ಗಲ್ಲಿಯ ತಿರುವಿನಲ್ಲಿ ಅತ್ತೆಯ ಸಿಟ್ಟು ಮಾವನ ಮೇಲೆ ಹೊರಳಿತು. "ಹಿಂದೆ ಕುಡೀತಿದ್ದೆ, ಈಗ ಬಿಟ್ಟೆ ಅಂದಿದ್ರೆ ಮುಗೀತಿತ್ತು. ನಿಮ್ಮ ನಾಲಿಗೆಗೇನಾಗಿತ್ತು?"

"ಇವನು ಅಷ್ಟು ಚೆನ್ನಾಗಿ ಅರ್ಥ ಬಿಡಿಸಿದ ಮೇಲೆ ನಾನೇನು ಹೇಳ್ಲಿ," ಎಂದರು ಮಾವ. ನನ್ನ ಕಡೆ ನೋಡಲಿಲ್ಲ.

ಇತವಾರಿಯ ಮನೆಯ ಮುಂದೆ ಕೈಗಾಡಿಗಳು ದಾರಿ ಕಟ್ಟಿಕೊಂಡು ನಿಂತಿದ್ದವು. ಅವುಗಳ ನಡುವೆ ನುಸುಳಿ ಮಾವ ಮೆಟ್ಟಿಲ ಬುಡಕ್ಕೆ ಹೋದರು. ಬೆನ್ನು ತಿರುಗಿಸಿ ಕೆಳಗಿನ ಮೆಟ್ಟಿಲ ಮೇಲೆ ಕೂತು, ಹಿಂದಕ್ಕೆ ಕೈಯೂರಿ, ಒಂದೊಂದನ್ನೇ ಏರತೊಡಗಿದರು. ನಾನು ಅವರ ತೋಳು ಹಿಡಿದೆ.

"ಬಿಡು," ಎಂದರು.