ಕಣ್ಣು ಮುಚ್ಚಿ ಬಾಕ್ಸಿಂಗ್ ನೋಡುವ ರುದ್ರಣ್ಣ

ಕಳೆದ ಭಾನುವಾರ ಬೆಳಿಗ್ಗೆ ನನ್ನದೇ ಮನೆಯಲ್ಲಿ, ನನ್ನದೇ ಟಿವಿಯ ಸೌಂಡನ್ನು ಕದ್ದುಮುಚ್ಚಿ ತೆಗೆದುಬಿಟ್ಟೆ. ಯಾಕೆ? ಹೊಟ್ಟೆಕಿಚ್ಚು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ?

ಅರಸೀಕೆರೆಯ ನಮ್ಮ ಬೀದಿಗೆ ಕೇಬಲ್ ಬಂದಾಗಿನಿಂದ ಹೆವಿವೇಟ್ ಬಾಕ್ಸಿಂಗ್ ಅಂದರೆ ನಾನೇ ಪಂಡಿತ. ಈ ಕಾಲದ ಘಟಾನುಘಟಿಗಳ ತೂಕ, ತೋಳಿನ ಉದ್ದ, ನಾಕ್‌ಔಟ್ ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿವೆ. ಯಾರ ಗುದ್ದು ಭಾರ ಎಂದು ಜನ ನನ್ನನ್ನೇ ಕೇಳುತ್ತಿದ್ದರು.

ಆಮೇಲೆ ಗಂಡಸಿಯ ರುದ್ರಣ್ಣ ಪಕ್ಕದ ಮನೆಗೆ ಬಂದ. ಕೊಬ್ಬರಿ ವ್ಯಾಪಾರಿ. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆಯದೆಯೇ ಒಳಗಿನ ಕೊಬ್ಬರಿ ಹೇಗಿದೆ ಎಂದು ಹೇಳುವ ಆಸಾಮಿ. ಬಾಕ್ಸಿಂಗನ್ನೂ ಹಾಗೇ ನೋಡುತ್ತಾನೆ, ಕಣ್ಣು ಮುಚ್ಚಿಕೊಂಡು! ಒಂದು ಸಲ ಬೀದಿಯವರೆಲ್ಲ ನಮ್ಮ ಮನೆಯ ಟಿವಿ ಮುಂದೆ ಸೇರಿದ್ದಾಗ, ಇಬ್ಬರು ಬಾಕ್ಸರ್‌ಗಳ ಗುದ್ದಿನ ಸದ್ದನ್ನಷ್ಟೇ ಕೇಳಿ ಅಂದ:

"ಕುಳ್ಳಂದು ಬರೀ ಮೇಲ್ಸದ್ದು ಸಾರ್. ಆ ಉದ್ದನೆಯವಂದು ಒಳಗಿಳೀತೈತೆ."

ಎಲ್ಲರೂ ಹೌದ್ಹೌದು ಅಂದರು. ನನ್ನ ನೋಟ್‌ಬುಕ್ಕನ್ನು ಕೇಳುವವರಿಲ್ಲ. ನನ್ನ ಹೆಂಡತಿ ಸರೋಜ (ಬಾಕ್ಸಿಂಗ್ ಅಂದರೆ ಮೂಗು ಮುರಿಯುವವಳು) ಅವನ ತಟ್ಟೆಗೆ ಮಾತ್ರ ಎರಡನೇ ಚಕ್ಕುಲಿ ಹಾಕಿದಳು. ಮೈ ಉರಿದುಹೋಯಿತು.

ಕಳೆದ ಭಾನುವಾರ ಅದೇ ಕುಳ್ಳನಿಗೂ ಉದ್ದನೆಯವನಿಗೂ ಫೈಟ್. ನಾನು ಕುಳ್ಳನ ಕಡೆ. ಮೂರನೇ ರೌಂಡಿನಲ್ಲಿ ರಿಮೋಟನ್ನು ಪಂಚೆಯ ಮಡಿಕೆಯಲ್ಲಿಟ್ಟುಕೊಂಡು ಸೌಂಡ್ ಪೂರ್ತಿ ತೆಗೆದೆ.

"ಏನ್ಸಾರ್, ಸೌಂಡೇ ಹೋಯ್ತಲ್ಲ?" ಅಂದರು ಯಾರೋ.

"ಕೇಬಲ್‌ನವನ ಹಣೆಬರಹ," ಅಂದೆ. ಪಾಪ, ಕೇಬಲ್‌ನವನು!

ರುದ್ರಣ್ಣ ಕಣ್ಣು ತೆರೆಯಲೇ ಇಲ್ಲ. ಈಗ ಹೇಳಪ್ಪ ನೋಡೋಣ ಎಂದು ಒಳಗೊಳಗೇ ಕುಣಿದೆ.

ಐದನೇ ರೌಂಡು. ಉದ್ದನೆಯವನ ಬಲಗೈ ನೇರವಾಗಿ ಕುಳ್ಳನ ಗದ್ದಕ್ಕೆ ಬಿತ್ತು. ಕುಳ್ಳ ಇನ್ನೂ ನಿಂತೇ ಇದ್ದ. ಅಷ್ಟರಲ್ಲಿ ರುದ್ರಣ್ಣ ಕಣ್ಣು ಮುಚ್ಚಿಕೊಂಡೇ, "ಹೋಯ್ತು ಬಿಡಿ, ಕುಳ್ಳ ಇನ್ನು ಏಳಕ್ಕಿಲ್ಲ," ಅಂದ.

ಕುಳ್ಳ ದೊಪ್ಪನೆ ಬಿದ್ದ. ಎಲ್ಲರೂ ಚಪ್ಪಾಳೆ ಹೊಡೆದರು, ಉದ್ದನೆಯವನಿಗಲ್ಲ, ರುದ್ರಣ್ಣನಿಗೆ.

ತಡೆಯಲಾಗಲಿಲ್ಲ. "ಸೌಂಡೇ ಇರಲಿಲ್ಲವಲ್ರೀ, ನಿಮಗೆ ಹೆಂಗೆ ಗೊತ್ತಾಯ್ತು?"

"ನಿಮ್ಮನ್ನೇ ಕೇಳುಸ್ಕೋತಾ ಕೂತಿದ್ದೆ ಸಾರ್. ಕುಳ್ಳ ಹೊಡೆದಾಗೆಲ್ಲ 'ಹಾಂ, ಹಾಂ' ಅಂತಿದ್ರಿ. ಈಗ ನಿಮ್ಮ ಉಸಿರೇ ನಿಂತೋಯ್ತು."

ಮನೆಯೆಲ್ಲ ನಗು. ಎದ್ದು ಹೋಗೋಣವೆಂದರೆ ಪಂಚೆಯಲ್ಲಿ ರಿಮೋಟು, ಎದ್ದರೆ ಬಿದ್ದೀತು. ಅಷ್ಟರಲ್ಲಿ ಅಡುಗೆಮನೆಯಿಂದ ಸರೋಜಳ ದನಿ:

"ರೀ, ರುದ್ರಣ್ಣಂಗೆ ಇನ್ನೊಂದು ಲೋಟ ಕಾಫಿ ತಗೊಂಡ್ಹೋಗಿ ಕೊಡಿ."

ಈಗ ನೀವೇ ಹೇಳಿ, ಯಾರ ಏಟು ಭಾರ?