ಮೆತ್ತಗಿದ್ದ ಬ್ರೇಕು

ಮೇಸ್ತ್ರಿಯವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವ ಕಾಲದಲ್ಲೋ ಲಾರಿಯ ಜಾಕು ಜಾರಿ ಅದನ್ನು ಒಯ್ದಿತ್ತು. ಆ ಬೋಳು ಬೆರಳನ್ನು ನಟ್ಟಿನ ಮೇಲೊಮ್ಮೆ ಆಡಿಸಿ, ಸಡಿಲವೋ ಬಿಗಿಯೋ ಎಂದು ತೀರ್ಪು ಕೊಡುತ್ತಿದ್ದರು. ನಾನು ತಿಪಟೂರಿನಲ್ಲಿ ವಕೀಲಿ ಮಾಡಿಕೊಂಡಿದ್ದವನು. ಅಷ್ಟು ಬೇಗ ತೀರ್ಪು ಬಂದದ್ದನ್ನು ಬೇರೆಲ್ಲೂ ಕಾಣಲಿಲ್ಲ.

ತಗಡಿನ ಚಪ್ಪರದಡಿ ಅವರ ಗ್ಯಾರೇಜು. ಯಾವ ಗಾಡಿ ಬಂದರೂ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಬ್ರೇಕ್ ಪೆಡಲನ್ನು ಬರಿಗಾಲಲ್ಲಿ ಒತ್ತಿ ನೋಡುತ್ತಿದ್ದರು. "ಗಾಡಿ ಓಡೋದು ಇಂಜಿನ್ನಿಂದ ಅಲ್ಲ ಸ್ವಾಮಿ, ನಿಲ್ತದೆ ಅನ್ನೋ ಧೈರ್ಯದಿಂದ" ಎನ್ನುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ, ನನ್ನ ಹಳೆಯ ಕಾರಿಗೆ ಡಿಸ್ಕ್ ಬ್ರೇಕು ಹಾಕಿಸುವ ಘನ ಸಂಕಲ್ಪ ನನ್ನಲ್ಲಿ ಉದಿಸಿತು. ತಾಲ್ಲೂಕಿನಲ್ಲಿ ಇನ್ನಾರ ಕಾರಿಗೂ ಇರಲಿಲ್ಲ ಎಂಬುದೇ ಅದಕ್ಕೆ ಮುಖ್ಯ ಆಧಾರ. ಬೆಂಗಳೂರಿನ ಗುಜರಿಯಲ್ಲಿ ವಿದೇಶಿ ಕಾರೊಂದರ ಮುಂದಿನ ಬ್ರೇಕುಗಳನ್ನು ಬಿಚ್ಚಿಸಿ ತಂದೆ. ಅದಲುಬದಲಾಗದಿರಲೆಂದು ಒಂದರ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ' ಎಂದು ಸೀಮೆಸುಣ್ಣದಲ್ಲಿ ನಾನೇ ಬರೆದಿದ್ದೆ. ಮೇಸ್ತ್ರಿ ಅಂಥದ್ದನ್ನು ಕಂಡದ್ದು ಅದೇ ಮೊದಲು. ಓದಿದವನ ಬರಹವನ್ನು ನಂಬಿ ಹಾಗೆಯೇ ಜೋಡಿಸಿದರು.

"ಪೆಡಲು ಇನ್ನೂ ಮೆತ್ತಗದೆ. ನಾಳೆ ನೋಡಾಣ, ಬುಟ್ಟು ಓಗಿ" ಎಂದರು.

ಮಾವನವರನ್ನು ಚಿಕ್ಕನಾಯಕನಹಳ್ಳಿಗೆ ಹೊಸ ಬ್ರೇಕಿನಲ್ಲಿ ಬಿಟ್ಟುಬರುತ್ತೇನೆಂದು ನಾನು ಜಂಬ ಕೊಚ್ಚಿಯಾಗಿತ್ತು. ವಾದಿಸಿ ಗೆದ್ದು ಕಾರು ಒಯ್ದೆ. ಮಾರನೆಯ ಬೆಳಿಗ್ಗೆ ಕಿಬ್ಬನಹಳ್ಳಿಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಪೆಡಲು ಒತ್ತಿದೆ, ಅದು ಯಾವ ತಕರಾರೂ ಇಲ್ಲದೆ ನೆಲ ಮುಟ್ಟಿತು. ಕಾರು ಮಾವನವರ ಸಮೇತ ರಸ್ತೆ ಬದಿಯ ತೆಂಗಿನ ಸಿಪ್ಪೆಯ ರಾಶಿಯನ್ನು ಪ್ರವೇಶಿಸಿತು. ಎಮ್ಮೆ ಕ್ಷೇಮ. ಮಾವನವರೂ ಕ್ಷೇಮ, ಆದರೆ ಮೈಮೇಲಿನ ನಾರು ಕೊಡವಿಕೊಂಡು, ಬಸ್ಸು ಹಿಡಿದು ಮಗಳ ಹತ್ತಿರ ದೂರು ಹೇಳಲು ವಾಪಸು ಹೋದರು.

ಕಾರನ್ನು ಲಾರಿಗೆ ಕಟ್ಟಿ ಎಳೆಸಿ ತಂದದ್ದಾಯಿತು. ಮೇಸ್ತ್ರಿ ನೋಡಿದರು: ಎಣ್ಣೆ ಎಲ್ಲೂ ಸೋರಿರಲಿಲ್ಲ. ಒಮ್ಮೆ ಒತ್ತಿದರೆ ಪೆಡಲು ಕೆಳಗೆ, ಪಟಪಟನೆ ಮೂರು ಸಲ ಒತ್ತಿದರೆ ಗಟ್ಟಿ.

"ಒಳಗೆ ಗಾಳಿ ಅದೆ" ಎಂದು ನನ್ನನ್ನು ಸೀಟಿನಲ್ಲಿ ಕೂರಿಸಿ, "ಒತ್ತಿ... ಹಿಡ್ಕಳಿ... ಬುಡಿ" ಎನ್ನುತ್ತಾ ಮಧ್ಯಾಹ್ನದವರೆಗೆ ಗಾಳಿ ತೆಗೆದರು. ಪೆಡಲು ಮೆತ್ತಗೇ ಇತ್ತು. ಕಡೆಗೆ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದವರು ನಕ್ಕುಬಿಟ್ಟರು.

"ಗಾಳಿ ಬುಡೋ ನಿಪ್ಪಲ್ಲು ಕೆಳಗದೆ ನೋಡಿ. ಗಾಳಿ ಮೇಲೆ ಕೂತದೆ, ಬಾಗ್ಲು ಕೆಳಗಿಟ್ಟಿದೀವಿ. ಎಡದ್ದು ಬಲಕ್ಕೆ ಬಂದದೆ. ನೀವು ಬರೆಯೋವಾಗ ಎಲ್ಲಿ ನಿಂತಿದ್ರಿ?"

"ಆ ಗುಜರಿ ಕಾರಿನ ಎದುರಿಗೆ."

"ಅದು ನಿಮ್ಮ ಎಡ, ವಕೀಲ್ರೇ. ಕಾರಿಂದು ಬಲ ಅಲ್ವಾ?"

ಅಷ್ಟರಲ್ಲಿ ನನ್ನ ಹೆಂಡತಿ ಬಂದಳು. "ಏನ್ರೀ ಮೇಸ್ತ್ರಿ, ನಮ್ಮಪ್ಪನ್ನ ಮೇಲಕ್ಕೇ ಕಳಿಸ್ತಿದ್ರಲ್ಲ! ಯಾರದ್ರೀ ತಪ್ಪು?"

ನಾನು ಬಗ್ಗಿ ಚಕ್ರದ ನಟ್ಟುಗಳನ್ನು ಎಣಿಸತೊಡಗಿದೆ.

"ನಂದೇ ತಾಯಿ. ಎಡ ಬಲ ನೋಡ್ದೆ ಆಕ್ಬುಟ್ಟೆ" ಎಂದರು ಮೇಸ್ತ್ರಿ.

ಅವಳು ಹೋದ ಮೇಲೆ, ಯಾಕೆ ಹಾಗಂದಿರಿ ಎಂದು ಕೇಳಿದೆ. "ನೀವು ಮನೇಗೆ ಓಗಿ ಊಟ ಮಾಡ್ಬೇಕಲ್ಲ ಸ್ವಾಮಿ" ಎಂದು ಪಾನಾ ಕೈಗೆತ್ತಿಕೊಂಡರು. ಬದಿ ಬದಲಿಸಿ ಗಾಳಿ ತೆಗೆದದ್ದೇ ಪೆಡಲು ಕಲ್ಲಾಯಿತು.

ಆದರೆ ಸುದ್ದಿ ಮಾವನವರ ಬಾಯಿಂದ ಚಿಕ್ಕನಾಯಕನಹಳ್ಳಿ ಸುತ್ತಿ, ತಿಪಟೂರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಬಂತು. ಎಷ್ಟೋ ತಿಂಗಳು ಟ್ಯಾಕ್ಸಿಯವರು ಬ್ರೇಕ್ ಕೆಲಸವನ್ನು ತುರುವೇಕೆರೆಗೆ ಒಯ್ದರು. ಮೇಸ್ತ್ರಿ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾ ಕೂತದ್ದನ್ನು ನಾನೇ ಕಂಡಿದ್ದೇನೆ. ನಿಜ ಹೇಳಬೇಕೆಂದು ಪ್ರತಿ ಸಲವೂ ಅನ್ನಿಸಿತು. ವಾಯಿದೆ ಪಡೆಯುವುದು ನನ್ನ ಕಸುಬು, ಪಡೆದೆ. ಅವರಾಗಿ ಒಮ್ಮೆಯೂ ಆ ಮಾತೆತ್ತಲಿಲ್ಲ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಮಣ್ಣು ಮಾಡಿ ಹೊರಬರುವಾಗ ಟ್ಯಾಕ್ಸಿಯವನೊಬ್ಬ, "ಒಳ್ಳೆ ಕೈ ಕಣಪ್ಪ. ವಕೀಲ್ರ ಕಾರಲ್ಲಿ ಒಂದ್ಸಲ ತಪ್ತು, ಅಷ್ಟೇಯ" ಎಂದ.

ನಾನು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ಎಡ ಬಲ ತಪ್ಪಾಗಿ ಬರೆದವನು ನಾನು. ಅವರ ತಪ್ಪು ಏನೂ ಇರಲಿಲ್ಲ."

ಅವನು ಕೈಮುಗಿದ. "ದೊಡ್ಡೋರು ಸ್ವಾಮಿ ನೀವು. ಸತ್ತೋರ ತಪ್ಪನ್ನ ನಿಮ್ಮ ತಲೆ ಮೇಲೆ ಒತ್ಕತೀರಲ್ಲ!"

ಸುತ್ತಲಿದ್ದವರು ತಲೆದೂಗಿದರು. ಅಂದಿನಿಂದ ತಾಲ್ಲೂಕಿನಲ್ಲಿ ನನಗೆ ತುಂಬಾ ಒಳ್ಳೆಯ ಹೆಸರಿದೆ.