ಕಾತ್ಯಾಯಿನಿ ಮಿಸ್ ಮತ್ತು ಏಳನೇ ಮನೆಯ ಕುಜ

“ಆ ನೀರಿನ ಟ್ಯಾಂಕ್ ಮೇಲ್ಗಡೆ ಕೆಂಪಗೆ ಕಾಣ್ತಿದೆಯಲ್ಲ, ಅವನೇ. ನನ್ನ ಮದುವೆ ನಾಲ್ಕು ಸಲ ಮುರಿದೋನು.”

ಕಾತ್ಯಾಯಿನಿ ಮಿಸ್ ಮಂಗಳ ಗ್ರಹವನ್ನು ಪರಿಚಯ ಮಾಡಿಕೊಡುತ್ತಿದ್ದುದು ಹೀಗೆ. ಮಡಿಸಿದ ಕೊಡೆಯ ತುದಿಯನ್ನು ಆಕಾಶಕ್ಕೆ ಗುರಿಯಿಟ್ಟು, ಬೀದಿ ಕೊನೆಯಲ್ಲಿ ನಿಂತ ಪೋಲಿಯೊಬ್ಬನನ್ನು ತೋರಿಸುವ ಧಾಟಿಯಲ್ಲಿ ತೋರಿಸುತ್ತಿದ್ದರು. ಶನಿಯ ಬಗ್ಗೆಯಾಗಲಿ ಗುರುವಿನ ಬಗ್ಗೆಯಾಗಲಿ ಅವರಿಗೆ ಯಾವ ತಕರಾರೂ ಇರಲಿಲ್ಲ.

ರಾಜಾಜಿನಗರದ ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ಅವರು ನಮಗೆ ವಿಜ್ಞಾನದ ಟೀಚರು. ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಮನೆಯವರು. ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಕಾಂಪೌಂಡ್ ಗೋಡೆ. ಅವರ ಜಾತಕದಲ್ಲಿ ಲಗ್ನದಿಂದ ಏಳನೇ ಮನೆಯಲ್ಲಿ ಕುಜ ಕೂತಿದ್ದಾನೆ, ಹಾಗಾಗಿ ಕುಜದೋಷ, ಕಟ್ಟಿಕೊಂಡ ಗಂಡನಿಗೆ ಕೇಡು ಎಂಬುದು ಅವರು ಲಂಗ ಹಾಕುವ ಕಾಲದಿಂದಲೂ ನೆಂಟರಿಷ್ಟರಿಗೆಲ್ಲ ಗೊತ್ತಿದ್ದ ಸಂಗತಿ. ಬಂದ ನಾಲ್ಕು ಸಂಬಂಧಗಳೂ ಜಾತಕ ನೋಡಿದ ಮೇಲೆ ಹಿಂದೆ ಸರಿದವು. ತಾಯಿ ತೀರಿಕೊಂಡ ಮೇಲೆ ಮಿಸ್ ಒಬ್ಬರೇ ಇದ್ದರು. ನಾನು ಬಿ.ಎಡ್. ಮುಗಿಸುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಮದುವೆಯ ಮಾತು ಎಂದೋ ನಿಂತಿತ್ತು, ಆದರೆ ಕುಜನ ಮೇಲಿನ ಜಗಳ ಮಾತ್ರ ನಿಂತಿರಲಿಲ್ಲ.

ಅದಕ್ಕೇ ಅವರು ಎಲ್ಲ ಶುಭಕಾರ್ಯವನ್ನೂ ಮಂಗಳವಾರವೇ ಮಾಡುತ್ತಿದ್ದರು. ಊರೆಲ್ಲ ಯಾವ ದಿನ ಹೊಸ ಕೆಲಸಕ್ಕೆ ಕೈ ಹಾಕಲು ಹೆದರುತ್ತದೋ, ಆ ದಿನ ಫ್ರಿಜ್ ತಂದರು, ಆ ದಿನವೇ ಮನೆಗೆ ಬಣ್ಣ ಹೊಡೆಸಲು ಶುರು ಮಾಡಿದರು. “ನೋಡ್ಲಿ ಅಂತ ಕಣೇ,” ಎನ್ನುತ್ತಿದ್ದರು. “ಅವನ ವಾರದಲ್ಲೇ ಚೆನ್ನಾಗಿರ್ತೀನಿ, ಅವನಿಗೆ ಉರೀಲಿ.” ಫ್ರಿಜ್ಜು ಮೂರೇ ತಿಂಗಳಿಗೆ ಕೆಟ್ಟಾಗ ನನ್ನ ಅಮ್ಮ ಬೇಕೆಂದೇ ಗೋಡೆಯ ಹತ್ತಿರ ಹೋಗಿ ಕೆಮ್ಮಿದ್ದರು. ಮಿಸ್ ಸೋಲಲಿಲ್ಲ. ಇನ್ನೊಂದು ಮಂಗಳವಾರ ರಿಪೇರಿಯವನನ್ನು ಕರೆಸಿದರು.

ಎರಡು ಸಾವಿರದ ಮೂರನೇ ಇಸವಿಯ ಆಗಸ್ಟಿನಲ್ಲಿ ಮಂಗಳ ಭೂಮಿಗೆ ಬಹಳ ಹತ್ತಿರ ಬಂತು. ಸಾವಿರಾರು ವರ್ಷಗಳಲ್ಲಿ ಇಷ್ಟು ಹತ್ತಿರ ಬಂದಿರಲಿಲ್ಲವೆಂದು ಪೇಪರಿನಲ್ಲಿ ಬಂದದ್ದೇ ತಡ, ಮಿಸ್ ಹೆಡ್‌ಮಾಸ್ಟರಿಗೆ ಚೀಟಿ ಬರೆದುಕೊಟ್ಟು, ಶಾಲೆಯ ಹಳೇ ಟೆಲಿಸ್ಕೋಪನ್ನು ಟರ್ಕಿ ಟವಲಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಸಂಜೆ ಊಟಕ್ಕೆ ಮೊದಲು ಇಡೀ ಬೀದಿ ಅವರ ಟೆರೇಸಿನ ಮೇಲಿತ್ತು. ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಮೋಡ ಸರಿಯಿತು. ಒಬ್ಬೊಬ್ಬರಾಗಿ ಬಗ್ಗಿ ಕಣ್ಣಿಟ್ಟರು. ಎದುರು ಮನೆಯ ಆಂಟಿ ತಲೆಯೆತ್ತಿ, “ಇಷ್ಟೇನಾ ಮಿಸ್? ಒಂದು ತೊಗರಿಬೇಳೆ ಅಷ್ಟಿದೆ,” ಎಂದರು.

“ಇಷ್ಟೇ ಕಣ್ರೀ,” ಎಂದರು ಮಿಸ್. “ಇಷ್ಟಿರೋದಕ್ಕೆ ಹೆದರಿ ನಾಲ್ಕು ಗಂಡಸ್ರು ಓಡೋದ್ರು.”

ಎಲ್ಲರೂ ನಕ್ಕರು. ಎಲ್ಲರೂ ಇಳಿದು ಹೋದ ಮೇಲೂ ಮಿಸ್ ಮಾತ್ರ ಬಹಳ ಹೊತ್ತು ಕಣ್ಣು ತೆಗೆಯದೆ ನೋಡುತ್ತಿದ್ದರು.

ಈ ಮಂಗಳಾಭಿಮಾನಕ್ಕೆ, ಅಥವಾ ಮಂಗಳದ್ವೇಷಕ್ಕೆ, ಎದುರಾಳಿ ನನ್ನ ಅಪ್ಪ. ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅಪ್ಪ ಚಂದ್ರನ ಪಕ್ಷ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದವರು ತಾವು ಎಂಬ ಹೆಮ್ಮೆ ಅವರಿಗೆ. ಆ ಟೆರೇಸಿನ ಸಂಜೆಯಾದ ಮೇಲಿನ ಜನವರಿಯಲ್ಲಿ, ಅಮೆರಿಕದವರು ಮತ್ತೆ ಚಂದ್ರನಿಗೆ ಜನರನ್ನು ಕಳಿಸುತ್ತಾರಂತೆ, ಮಂಗಳ ಆಮೇಲಂತೆ ಎಂದು ಪೇಪರಿನಲ್ಲಿ ಬಂತು. ಅಪ್ಪ ಪೇಪರನ್ನು ಬಾವುಟದ ಹಾಗೆ ಹಿಡಿದು ಗೋಡೆಯ ಹತ್ತಿರ ನಡೆದರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ, ಗೋಡೆಯ ಮೇಲೆ ಎರಡು ಕಾಫಿ ಲೋಟ ಇಟ್ಟುಕೊಂಡು, ಇದೇ ವಾದ.

“ಕೆಂಗೇರಿ ದಾಟ್ದೆ ಮೈಸೂರಿಗೆ ಹೋಗೋಕಾಗುತ್ತಾ ಮಿಸ್? ಚಂದ್ರ ಕೆಂಗೇರಿ ಇದ್ದಂಗೆ. ಮೊದ್ಲು ಅಲ್ಲಿ ಇಳೀಬೇಕು, ನೀರು ಕುಡೀಬೇಕು, ಟೈರು ನೋಡ್ಕೋಬೇಕು. ಆಮೇಲೆ ಮೈಸೂರು.”

“ಆರು ಸಲ ಇಳಿದು ಬಂದಿದಾರಲ್ಲ ಸಾರ್ ನಿಮ್ಮ ಕೆಂಗೇರೀಲಿ. ಏನ್ ತಂದ್ರು? ಕಲ್ಲು. ಮತ್ತೆ ಅಲ್ಲೇ ಇಳಿಯೋದಾದ್ರೆ ಮೈಸೂರು ನೋಡೋದು ಯಾವಾಗ?”

“ಮೂರು ದಿನದ ದಾರಿ ಮಿಸ್ ಅದು. ಹೆಚ್ಚುಕಮ್ಮಿ ಆದ್ರೆ ವಾಪಸ್ ಬರಬಹುದು. ನಿಮ್ಮ ಮಂಗಳಕ್ಕೆ ಹೋಗೋಕೇ ಏಳೆಂಟು ತಿಂಗಳು. ನಡುದಾರೀಲಿ ಯಾರಿಗಾದ್ರೂ ಹಲ್ಲುನೋವು ಬಂದ್ರೆ?”

“ಹಲ್ಲು ಕೀಳಿಸ್ಕೊಂಡೇ ಹೋಗ್ಲಿ.”

“ಅದೂ ಅಲ್ದೆ ಚಂದ್ರನಿಗೆ ಹೋಗಿಬಂದೋರೆಲ್ಲ ಮುದುಕರಾದ್ರು. ದಾರಿ ಮರೆತೋಗೋಕ್ಮುಂಚೆ ಇನ್ನೊಂದ್ಸಲ ಹೋಗ್ಬೇಕು.”

ಅಪ್ಪನ ಈ ಕೊನೆಯ ಮಾತಿಗೆ ಮಿಸ್, “ಸಾರ್, ನೀವು ಕಾಫಿ ಕುಡೀರಿ, ಆರೋಗುತ್ತೆ,” ಎನ್ನುತ್ತಿದ್ದರು. ಒಳಗಿನಿಂದ ಅಮ್ಮ, ಯಾವ ಗ್ರಹಕ್ಕಾದರೂ ಹೋಗಿ, ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ ಎಂದು ಕೂಗುತ್ತಿದ್ದರು.

ಇಷ್ಟೆಲ್ಲ ಮಾತಾಡುತ್ತಿದ್ದ ಅಪ್ಪ ನನ್ನ ಮದುವೆಯ ವಿಷಯ ಬಂದಾಗ ಬೆಕ್ಕಿನಂತಾದರು.

ನಾನು ವಿಜಯನಗರದ ಶಾಲೆಯೊಂದಕ್ಕೆ ಟೀಚರಾಗಿ ಸೇರಿದ್ದೆ. ಅಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮಹೇಶನಿಗೂ ನನಗೂ ಒಬ್ಬರಿಗೊಬ್ಬರು ಇಷ್ಟವಾಗಿತ್ತು. ಎರಡೂ ಮನೆಯವರು ಒಪ್ಪಿದರು. ಎಲ್ಲ ಆದ ಮೇಲೆ, ಶಾಸ್ತ್ರಕ್ಕೆ ಇರಲಿ ಎಂದು ಮಹೇಶನ ತಾಯಿ ರತ್ನಮ್ಮನವರು ಜಾತಕ ತರಿಸಿಕೊಂಡರು. ನನ್ನದರಲ್ಲಿ ಎಂಟನೇ ಮನೆಯಲ್ಲಿ ಕುಜ, ಅದೂ ದೋಷವೇ. ಆರ್‌ಪಿಸಿ ಲೇಔಟಿನ ಅವರ ಮನೆಯಿಂದ ಫೋನು ಬರುವುದು ನಿಂತಿತು. ರತ್ನಮ್ಮನವರ ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು, ಇದ್ದವನು ಒಬ್ಬನೇ ಮಗ. ಅವರ ಹೆದರಿಕೆ ನನಗೂ ಅರ್ಥವಾಗುತ್ತಿತ್ತು. ಅಮ್ಮನ ವಿರೋಧ ಕಟ್ಟಿಕೊಂಡು ಮದುವೆಯಾಗಲು ಮಹೇಶನಿಗೆ ಮನಸ್ಸಿಲ್ಲ, ನನ್ನನ್ನು ಬಿಡಲೂ ಮನಸ್ಸಿಲ್ಲ. ಸ್ಟಾಫ್ ರೂಮಿನಲ್ಲಿ ಎದುರೆದುರು ಕೂತು ಇಬ್ಬರೂ ಹಾಳೆ ತಿದ್ದುತ್ತಿದ್ದೆವು. ಮನೆಯಲ್ಲಿ ಅಮ್ಮ, ಮೊದಲು ಬಾಳೆಗಿಡದ ಜೊತೆ ಮದುವೆ ಮಾಡಿದರೆ ದೋಷ ಹೋಗುತ್ತದಂತೆ ಎಂದರು. ಅಪ್ಪನನ್ನು ನೋಡಿದೆ. ಚಂದ್ರನ ಮೇಲೆ ಮನೆ ಕಟ್ಟಬೇಕೆನ್ನುವ ಅಪ್ಪ ನೆಲ ನೋಡುತ್ತ, “ಯಾಕೆ ಸುಮ್ನೆ ರಿಸ್ಕು,” ಎಂದರು. ಅಂದು ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ.

ಮಿಸ್‌ಗೆ ವಿಷಯ ಗೊತ್ತಾಯಿತು. “ನಿನ್ನ ತಂಟೆಗೂ ಬಂದ್ನಾ ಅವನು?” ಎಂದು ಕೊಡೆ ತೆಗೆದುಕೊಂಡೇ ಹೊರಟರು.

ಆಗ ರಾಜಾಜಿನಗರದಲ್ಲಿ ಕಂಪ್ಯೂಟರ್ ಜಾತಕದ ಅಂಗಡಿಗಳು ಹೊಸದಾಗಿ ಬಂದಿದ್ದವು. ಹುಟ್ಟಿದ ದಿನ, ಗಂಟೆ, ಊರು ಹೇಳಿದರೆ ಮೆಷಿನ್ನು ಕರಕರ ಸದ್ದು ಮಾಡುತ್ತ ಜಾತಕ ಮುದ್ರಿಸಿ ಕೊಡುತ್ತಿತ್ತು. ಕೈಬರಹದ ಜಾತಕದಲ್ಲಿ ತಪ್ಪಿರಬಹುದು, ಒಂದು ಸಲ ನೋಡಿಸೋಣ ಎಂದು ಮಿಸ್ ನನ್ನನ್ನೂ ಅಪ್ಪನನ್ನೂ ಕರೆದುಕೊಂಡು ಹೋದರು. ನನ್ನ ಜಾತಕ ಹೊರಗೆ ಬಂತು. ಕುಜ ಎಂಟನೇ ಮನೆಯಲ್ಲೇ ಗಟ್ಟಿಯಾಗಿ ಕೂತಿದ್ದ. ನನ್ನ ಮುಖ ನೋಡಿದ ಮಿಸ್, ನನ್ನನ್ನು ನಗಿಸುವುದಕ್ಕೆಂದೇ, “ನಂದೂ ಒಂದು ತೆಗೀಪ್ಪಾ, ಇಬ್ರೂ ಜೋಡಿಯಾಗಿ ಗೋಡೆಗೆ ಅಂಟಿಸ್ಕೋತೀವಿ,” ಎಂದರು.

ಶಾಲೆಯ ದಾಖಲೆಯಲ್ಲಿದ್ದ ಅವರ ಹುಟ್ಟಿದ ದಿನ, ಆ ಕಾಲದ ಎಲ್ಲರದರಂತೆ, ಹೆಡ್‌ಮಾಸ್ಟರು ಅಂದಾಜಿಗೆ ಬರೆದದ್ದು. ನಿಜವಾದದ್ದು ಅವರ ತಾತ ಹಳೇ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದರಂತೆ. ತಾಯಿಯ ಟ್ರಂಕಿನಲ್ಲಿ ಸಿಕ್ಕಿದ್ದ ಆ ಹಾಳೆಯನ್ನು ಮಿಸ್ ಪರ್ಸಿನಲ್ಲೇ ಇಟ್ಟುಕೊಂಡಿದ್ದರು. ದಿನ ಹೇಳಿದರು. ಅಂಗಡಿಯವನು ಗಂಟೆ ಕೇಳಿದ. “ಬೆಳಿಗ್ಗೆ ಎಂಟು,” ಎಂದವರು ಹಾಳೆಯನ್ನು ಕನ್ನಡಕದ ಹತ್ತಿರ ತಂದರು. ಅಲ್ಲಿ ಬರೆದಿದ್ದುದು ಸೂರ್ಯೋದಯವಾಗಿ ಎಂಟು ಗಳಿಗೆ ಎಂದು. ಜಾತಕ ಬರೆದ ಪುಣ್ಯಾತ್ಮ ಅದನ್ನೇ ಗಡಿಯಾರದ ಎಂಟು ಗಂಟೆ ಮಾಡಿಬಿಟ್ಟಿದ್ದ. ಮಿಸ್ ಬೆರಳ ಮೇಲೆ ಲೆಕ್ಕ ಹಾಕಿದರು. ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ಎಂಟು ಗಳಿಗೆಗೆ ಮೂರು ಗಂಟೆ ಹನ್ನೆರಡು ನಿಮಿಷ. “ಸೂರ್ಯ ಹುಟ್ಟೋದು ಆರೂಕಾಲು ಅಂದ್ರೆ, ಒಂಬತ್ತೂವರೆ ಹಾಕಪ್ಪ,” ಎಂದರು.

ಮೆಷಿನ್ನು ಸದ್ದು ಮಾಡಿತು. ಅಂಗಡಿಯವನು ಹಾಳೆ ಹರಿದು ಕೊಡುತ್ತ, “ಒಳ್ಳೇ ಜಾತಕ ಮೇಡಂ. ಲಗ್ನ ಬೇರೆ ಆಯ್ತು, ಕುಜ ಆರನೇ ಮನೇಲಿದಾನೆ. ದೋಷಾನೇ ಇಲ್ಲ,” ಎಂದ.

ಮಿಸ್ ಹಾಳೆಯನ್ನು ನಾಲ್ಕಾಗಿ ಮಡಿಸಿ ಪರ್ಸಿಗಿಟ್ಟರು. ಕೊಡೆ ಊರುತ್ತ ನಮ್ಮಿಬ್ಬರಿಗಿಂತ ಮುಂದೆ ಬಸ್ ಸ್ಟಾಪಿಗೆ ನಡೆದರು. ಬಸ್ಸು ಬಂದಾಗ, “ಮನೆಗೆ ಬೇಡ ಸಾರ್. ನಡೀರಿ, ಆರ್‌ಪಿಸಿ ಲೇಔಟಿಗೆ,” ಎಂದರು.

ರತ್ನಮ್ಮನವರು ಗಾಬರಿಯಿಂದಲೇ ಬಾಗಿಲು ತೆರೆದರು. ಮಿಸ್ ಕೂತವರೇ ಎರಡು ಹಾಳೆಗಳನ್ನೂ ಟೀಪಾಯಿಯ ಮೇಲೆ ಪಕ್ಕಪಕ್ಕದಲ್ಲಿಟ್ಟರು.

“ಇದು ಇವಳದ್ದು. ದೋಷ ಇದೆ, ನಾನೇನೂ ಮುಚ್ಚಿಡಲ್ಲ. ಇದು ನಂದು. ನನಗೆ ದೋಷ ಇದೆ ಅಂತ ಇಷ್ಟು ವರ್ಷ ಎಲ್ರೂ ಅಂದ್ರು. ಇಲ್ವಂತೆ. ಯಾರೋ ಗಳಿಗೇನ ಗಂಟೆ ಅಂದ್ಕೊಂಡಿದ್ರಂತೆ. ನನಗೆ ಗೊತ್ತಾಗಿ ಇನ್ನೂ ಒಂದು ಗಂಟೆ ಆಗಿಲ್ಲ ಕಣ್ರೀ.”

ರತ್ನಮ್ಮನವರು ಹಾಳೆ ಮುಟ್ಟಲಿಲ್ಲ. ಮಿಸ್ ಮುಖವನ್ನೇ ನೋಡುತ್ತಿದ್ದರು. “ಸಂಬಂಧಗಳು ಬಂದಿದ್ವಾ?” ಎಂದು ಮೆಲ್ಲಗೆ ಕೇಳಿದರು.

“ನಾಲ್ಕು. ಮೂರನೆಯೋರು ಒಳ್ಳೆಯೋರಿದ್ರು. ಕಾಫಿ ಕುಡಿದು ಲೋಟಾನ ತಾವೇ ಅಡುಗೆಮನೆಗೆ ತಂದಿಟ್ರು. ಆ ಕಾಲದಲ್ಲಿ ಯಾವ ಗಂಡಸು ತಂದಿಡ್ತಿದ್ದ ಹೇಳಿ? ನಮ್ಮಮ್ಮ ಕೊನೇವರೆಗೂ ಅವರ ವಿಷಯ ಹೇಳ್ತಿದ್ರು.” ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ನಿಮ್ಮ ಮಗನೂ ಅಂಥೋನೇ ಅಂತ ಇವಳು ಹೇಳ್ತಾಳೆ. ಅದಕ್ಕೇ ಬಂದೆ.”

ಟೆರೇಸಿನ ಮೇಲೆ ಬೀದಿಯನ್ನೆಲ್ಲ ನಗಿಸಿದ ಆ ನಾಲ್ವರಲ್ಲಿ ಒಬ್ಬರಿಗೆ ಮುಖವಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ರತ್ನಮ್ಮನವರು ಎದ್ದು ಒಳಗೆ ಹೋದರು. ಪಾತ್ರೆ ಸದ್ದಾಯಿತು. ಕಾಫಿ ತಂದು ಮೊದಲು ಮಿಸ್ ಕೈಗೆ ಕೊಟ್ಟು, ಅವರ ಪಕ್ಕದಲ್ಲೇ ಕೂತರು. “ನಮ್ಮೆಜಮಾನ್ರ ಜೊತೆ ನನ್ನ ಜಾತಕ ಎಲ್ಲಾ ಕೂಡಿತ್ತು ಮಿಸ್. ಮೂವತ್ತಾರಕ್ಕೆ ಮೂವತ್ತೆರಡು ಗುಣ,” ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, ಛತ್ರ ಯಾವಾಗ ಸಿಗುತ್ತೆ ನೋಡಿ ಎಂದರು.

ಮದುವೆಯಾಯಿತು, ಮಿಸ್ ಹಟ ಹಿಡಿದಂತೆ ಮಂಗಳವಾರವೇನೂ ಅಲ್ಲ. ಅಷ್ಟಕ್ಕೆ ರತ್ನಮ್ಮನವರು ಒಪ್ಪಲಿಲ್ಲ. ಊಟದ ಪಂಕ್ತಿಯಲ್ಲಿ ಅಪ್ಪ ಮಿಸ್ ಎಲೆಗೆ ತಾವೇ ಹೋಳಿಗೆ ಬಡಿಸಿ, “ಹೋಗ್ಲಿ ಮಿಸ್, ಮೊದ್ಲು ಮಂಗಳಕ್ಕೇ ಹೋಗ್ಲಿ. ನಾನು ಒಪ್ಕೊಂಡೆ,” ಎಂದರು.

“ಥೂ, ಹಂಗೆಲ್ಲ ಸೋಲ್ಬೇಡಿ ಸಾರ್,” ಎಂದು ಮಿಸ್ ಗದರಿಸಿದರು. “ಭಾನುವಾರ ನಾನೇನ್ ಮಾಡ್ಲಿ?”

ನಾನೂ ಮಹೇಶನೂ ಕೆಂಗೇರಿಯಲ್ಲಿ ಮನೆ ಮಾಡಿದೆವು. ಮೊದಲ ಸಲ ಬಂದಾಗ ಮಿಸ್ ಹೊಸಿಲಲ್ಲೇ ನಿಂತು, “ಅಂತೂ ನಿಮ್ಮಪ್ಪ ನಿನ್ನನ್ನ ಚಂದ್ರನಿಗೇ ಕಳಿಸಿದ್ರು,” ಎಂದು ನಕ್ಕರು. ಆವತ್ತು ಧೈರ್ಯ ಮಾಡಿ ಕೇಳಿದೆ, ಆ ಹಾಳೆ ನೋಡಿ ಬೇಜಾರಾಗಲಿಲ್ಲವೇ ಎಂದು.

“ಆಯ್ತು ಕಣೇ. ವಾರ ಅನ್ನ ಸೇರ್ಲಿಲ್ಲ. ಆ ಜಾತಕ ಬರೆದೋನು ಬದುಕಿದ್ರೆ ಕೊಡೇಲಿ ಬಾರಿಸ್ತಿದ್ದೆ.” ಸುಲಿಯುತ್ತಿದ್ದ ಅವರೆಕಾಯಿಯನ್ನು ಮೊರದಲ್ಲಿಟ್ಟರು. “ಆಮೇಲೆ ಅನ್ನಿಸ್ತು, ಪಾಪ, ಆ ಗ್ರಹ ಏನ್ ಮಾಡಿತ್ತು? ಅದರ ಪಾಡಿಗೆ ಸುತ್ಕೊಂಡಿತ್ತು. ಇಷ್ಟು ವರ್ಷ ಸುಮ್ಸುಮ್ನೆ ಬೈದೆ. ಮನುಷ್ಯರು ಅಲ್ಲಿಗೆ ಹೋಗ್ಲೇಬೇಕು ಕಣೇ, ಬೇರೇನಿಲ್ಲ ಅಂದ್ರೂ ಒಂದು ತಪ್ಪಾಯ್ತು ಹೇಳೋಕೆ.”

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಮಿಸ್ ಹೋಗಿಬಿಟ್ಟರು. ಭಾನುವಾರ ಬೆಳಿಗ್ಗೆ ಗೋಡೆಯ ಮೇಲೆ ಕಾಫಿ ಲೋಟ ಕಾಣದಿದ್ದಾಗ ಅಪ್ಪನೇ ಹೋಗಿ ಬಾಗಿಲು ತಟ್ಟಿದ್ದು. ನಿದ್ದೆಯಲ್ಲೇ ಹೋಗಿದ್ದರು. ನಮ್ಮ ಬೀದಿಯಲ್ಲಿ ಅಷ್ಟೊಂದು ಹಳೇ ವಿದ್ಯಾರ್ಥಿಗಳನ್ನು ಒಟ್ಟಿಗೆ ನೋಡಿದ್ದು ನಾನು ಅದೇ ಮೊದಲು.

ಅದೇ ವರ್ಷ ಅಕ್ಟೋಬರಿನ ಒಂದು ಬೆಳಿಗ್ಗೆ ನಮ್ಮ ದೇಶದ ನೌಕೆ ಚಂದ್ರನ ಕಡೆ ಹೊರಟಿತು. ಏಳು ಗಂಟೆಗೆ ಅಪ್ಪನ ಫೋನು.

“ನೋಡಿದ್ಯೇನಮ್ಮ? ನಾನ್ ಹೇಳ್ತಿರಲಿಲ್ವಾ? ಮೊದ್ಲು ಚಂದ್ರ!”

“ನೋಡ್ದೆ ಅಪ್ಪ. ಗೆದ್ರಿ ಬಿಡಿ.”

“ಯಂತ್ರ ಹೋದ್ರೆ ಮನುಷ್ಯ ಹೋದಂಗಾ ಸಾರ್, ಅಂತಾರೆ ಮಿಸ್,” ಎಂದರು ಅಪ್ಪ. “ಅದಕ್ಕೆ ನಾನು, ಇವತ್ತು ಯಂತ್ರ, ನಾಳೆ ಮನುಷ್ಯ ಅಂತೀನಿ. ಕಲ್ಲು ತರೋಕೆ ಮತ್ತೆ ಹೊರಟ್ರಾ, ಅಂತಾರೆ. ಅದಕ್ಕೆ ನಾನು...”

ಹಿಂದೆ ಟೀವಿಯಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

“ಅಪ್ಪ?”

“ಏನಿಲ್ಲ ಕಣಮ್ಮ. ಕಾಫಿ ತಗೊಂಡು ಗೋಡೆ ಹತ್ರ ಬಂದುಬಿಟ್ಟಿದೀನಿ.”